ಎರಡನೆಯ ಪರದೆಗೆ ಎರಡನೆಯ ಕಂಪ್ಯೂಟರು ಬೇಕೆ?

ಕಡೂರು ತಾಲ್ಲೂಕಿನ ಸಿಂಗಟಗೆರೆಯ ಸೀಮೆಯಲ್ಲಿರುವ ಪ್ರೌಢಶಾಲೆಯೊಂದಕ್ಕೆ ಕೆಲವು ತಿಂಗಳ ಹಿಂದೆ ವಿಜ್ಞಾನದ ಮೇಲೆ ನಾಲ್ಕು ಮಾತನಾಡಲು ನಾವು ಹೋಗಿದ್ದೆವು. ಮಾತು ಮುಗಿದ ಮೇಲೆ ಮುಖ್ಯೋಪಾಧ್ಯಾಯರು ತಮ್ಮ ಕಂಪ್ಯೂಟರು ಕೊಠಡಿಯನ್ನು ತೋರಿಸಿದರು. ಹತ್ತು ಯಂತ್ರಗಳಿದ್ದುವು, ನಡೆಯುತ್ತಿದ್ದುವು ನಾಲ್ಕೇ. ಉಳಿದ ಆರರಲ್ಲಿ ಕೆಟ್ಟಿದ್ದುದು ಪೆಟ್ಟಿಗೆಯೊಳಗಿನ ಭಾಗಗಳು ಮಾತ್ರ. ಅವುಗಳ ಮಾನಿಟರುಗಳಿಗೆ ಯಾವ ರೋಗವೂ ತಗುಲಿರಲಿಲ್ಲ. ಆದರೂ ಪೆಟ್ಟಿಗೆ ಕೆಟ್ಟ ಕಾರಣಕ್ಕೆ ಮಾನಿಟರುಗಳೂ ಬಟ್ಟೆ ಹೊದ್ದು ಗೋಡೆಯ ಬದಿಯಲ್ಲಿ ಕುಳಿತಿದ್ದುವು. ಇತ್ತ ನಡೆಯುವ ನಾಲ್ಕು ಯಂತ್ರಗಳ ಮುಂದೆ ಒಂದು ತರಗತಿಯ ಮಕ್ಕಳೆಲ್ಲ ಗುಂಪುಗೂಡಿದ್ದರು. ಮುಂದಿದ್ದವರಿಗೆ ಕೀಲಿಮಣೆ ಸಿಕ್ಕಿತ್ತು. ಹಿಂದಿದ್ದವರಿಗೆ ಮುಂದಿದ್ದವರ ಬೆನ್ನು ಕಾಣುತ್ತಿತ್ತು.

ಹತ್ತನೆಯ ತರಗತಿಯ ಹುಡುಗಿಯೊಬ್ಬಳು ನಮ್ಮನ್ನು ಕೇಳಿದಳು: “ಸಾರ್, ಕೆಟ್ಟಿರೋದು ಡಬ್ಬ ತಾನೆ? ಆ ಮಾನಿಟರನ್ನ ಓಡ್ತಿರೋ ಕಂಪ್ಯೂಟರಿಗೇ ಹಾಕೋಕಾಗಲ್ವಾ?”

“ಏಕಾಗದು, ಆಗುತ್ತದೆ” ಎಂದು ಧೈರ್ಯವಾಗಿ ಹೇಳಿ ನಾವು ಕೆಲಸಕ್ಕೆ ಕೈಹಚ್ಚಿದೆವು. ಕೆಟ್ಟ ಪೆಟ್ಟಿಗೆಗಳಲ್ಲಿ ಒಂದು ದಾನಿಗಳಾರೋ ಕೊಟ್ಟದ್ದು. ಅದರಲ್ಲಿ ಹಳೆಯದೊಂದು ಗ್ರಾಫಿಕ್ಸ್ ಕಾರ್ಡು ಇತ್ತು. ಅದನ್ನು ಬಿಚ್ಚಿ, ನಡೆಯುತ್ತಿದ್ದ ಯಂತ್ರವೊಂದರ ಉದ್ದನೆಯ ಸ್ಲಾಟಿನಲ್ಲಿ ಕೂರಿಸಿ, ಒಂದು ಮಾನಿಟರನ್ನು ಆ ಕಾರ್ಡಿಗೂ ಇನ್ನೊಂದನ್ನು ಎಂದಿನಂತೆ ಮದರ್‌ಬೋರ್ಡಿನ ಪೋರ್ಟಿಗೂ ಸೇರಿಸಿದೆವು. ಕಾರ್ಡಿನ ಪರದೆ ಬೆಳಗಿತು. ಆದರೆ ಅದುವರೆಗೆ ಚೆನ್ನಾಗಿ ಬೆಳಗುತ್ತಿದ್ದ ಮತ್ತೊಂದು ಕತ್ತಲಾಯಿತು. ಕೇಬಲು ಬದಲಾಯಿಸಿದೆವು, ಮಾನಿಟರು ಬದಲಾಯಿಸಿದೆವು, ಕತ್ತಲೆ ಹೋಗಲಿಲ್ಲ. ಕೊನೆಗೆ “ಬೋರ್ಡಿನ ಪೋರ್ಟು ಸುಟ್ಟಂತಿದೆ, ಹೊಸ ಯಂತ್ರವೇ ಬೇಕಾದೀತು” ಎಂದು ತೀರ್ಪು ಕೊಟ್ಟು ಕಡೂರಿನ ಬಸ್ಸು ಹತ್ತಿದೆವು.

ನಮ್ಮ ತೀರ್ಪು ತಪ್ಪಾಗಿತ್ತು. ಪೋರ್ಟಿಗೆ ಏನೂ ಆಗಿರಲಿಲ್ಲ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ವರ್ಷಗಟ್ಟಲೆ ಕಾಲೇಜಿನಲ್ಲಿ ಪಾಠ ಹೇಳಿದ ನಾವೇ ಹೀಗೆ ಎಡವಿದೆವೆಂದ ಮೇಲೆ, ಶಾಲೆಯ ಉಪಾಧ್ಯಾಯರನ್ನು ದೂರುವುದಕ್ಕೆ ನಮಗೇನು ಅಧಿಕಾರವುಂಟು? ಆದರೆ ಈ ತಪ್ಪಿನಿಂದ ನಮಗೊಂದು ವಿಷಯ ಮನವರಿಕೆಯಾಯಿತು. ನಮ್ಮ ಹಳ್ಳಿಗಳ ಶಾಲಾಕಾಲೇಜುಗಳಲ್ಲಿ ‘ಕಂಪ್ಯೂಟರಿನ ಅಭಾವ’ವೆಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರಲ್ಲಿ ಒಂದು ಪಾಲು ನಿಜವಾಗಿ ಹಣದ ಅಭಾವವಲ್ಲ, ಪೆಟ್ಟಿಗೆಯೊಳಗೆ ಏನಿದೆಯೆಂಬ ತಿಳಿವಳಿಕೆಯ ಅಭಾವ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ಎಲ್ಲರೂ ಬಲ್ಲರು. ನಾವಾದರೋ ಹಾಸಿಗೆ ಎಷ್ಟುದ್ದವಿದೆಯೆಂದು ಅಳೆಯದೆಯೇ ಕಾಲು ಮಡಿಸಿಕೊಂಡು ಮಲಗಿದ್ದೇವೆ.

ಅಳತೆ ಹೇಗೆಂಬುದನ್ನು ಮೊದಲು ನೋಡೋಣ. ಇಂದಿನ ಸಾಮಾನ್ಯ ಮಾನಿಟರಿನಲ್ಲಿ ಅಡ್ಡಕ್ಕೆ ೧,೯೨೦ ಮತ್ತು ಎತ್ತರಕ್ಕೆ ೧,೦೮೦ ಚಿತ್ರಬಿಂದುಗಳು, ಅಂದರೆ ಪಿಕ್ಸೆಲುಗಳು ಇರುತ್ತವೆ. ಗುಣಿಸಿದರೆ ೨೦,೭೩,೬೦೦. ಒಂದೊಂದು ಬಿಂದುವಿನ ಬಣ್ಣವನ್ನು ಬರೆದಿಡಲು ಸಾಮಾನ್ಯವಾಗಿ ನಾಲ್ಕು ಬೈಟು ಬೇಕು. ಹಾಗಾಗಿ ಒಂದು ಪರದೆಯ ಪೂರ್ಣ ಚಿತ್ರಕ್ಕೆ ೮೨,೯೪,೪೦೦ ಬೈಟು, ಎಂದರೆ ಸುಮಾರು ೮.೩ ಮೆಗಾಬೈಟು ಆಗುತ್ತದೆ. ಈ ಅಂಕಿಗಳು ಮೆಮೊರಿಯಲ್ಲಿ ಕುಳಿತಿರುತ್ತವೆ. ಅವುಗಳನ್ನು ಸಾಲುಸಾಲಾಗಿ ಓದಿ, ಸೆಕೆಂಡಿಗೆ ೬೦ ಸಲ ಮಾನಿಟರಿಗೆ ಕಳುಹಿಸುತ್ತಲೇ ಇರುವ ವಿದ್ಯುನ್ಮಂಡಲವೊಂದು ಉಂಟು. ಆ ಓದಿಗೆ ತಾಳ ಹಾಕುವ ಗಡಿಯಾರ ಮಂಡಲ ಬೇರೊಂದು. ಸಾಲಿನಿಂದ ಸಾಲಿಗೆ, ಚಿತ್ರದಿಂದ ಚಿತ್ರಕ್ಕೆ ಸಾಗುವ ನಡುವಣ ಬಿಡುವೂ ಸೇರಿ, ಇಂಥ ಪರದೆಗೆ ಆ ಗಡಿಯಾರವು ಸೆಕೆಂಡಿಗೆ ೧೪.೮೫ ಕೋಟಿ ಸಲ ಮಿಡಿಯಬೇಕಾಗುತ್ತದೆ.

ಕಡೂರು ತಾಲ್ಲೂಕಿನವರಿಗೆ ಕೆರೆಯ ಹೋಲಿಕೆಯಿಂದ ಇದು ಬೇಗ ತಿಳಿದೀತು. ಅಯ್ಯನಕೆರೆಯಲ್ಲಾಗಲಿ ಮದಗದ ಕೆರೆಯಲ್ಲಾಗಲಿ ನೀರು ಎಷ್ಟೇ ತುಂಬಿರಲಿ, ಅದು ಗದ್ದೆ ತೋಟಗಳನ್ನು ಮುಟ್ಟಬೇಕಾದರೆ ತೂಬಿನ ಮೂಲಕವೇ ಹೊರಡಬೇಕು. ಗ್ರಾಫಿಕ್ಸ್ ಮೆಮೊರಿಯೇ ಕೆರೆ. ಅದರಿಂದ ಚಿತ್ರವನ್ನು ಓದಿ ಹೊರಗೆ ಬಿಡುವ ಮಂಡಲವೇ ತೂಬು. ಹಿಂಬದಿಯಲ್ಲಿ ಕಾಣುವ ಪೋರ್ಟುಗಳು ಕಾಲುವೆಯ ಬಾಯಿಗಳು. ಒಂದೊಂದು ಪರದೆಗೆ ಬೇರೆಬೇರೆ ಚಿತ್ರ ಬೇಕಾದರೆ ಒಂದೊಂದಕ್ಕೂ ಪ್ರತ್ಯೇಕ ತೂಬು ಬೇಕು. ಒಂದು ಗಿಗಾಬೈಟು ಮೆಮೊರಿಯುಳ್ಳ ಹಳೆಯ ಕಾರ್ಡಿನಲ್ಲಿ ನಾವು ಲೆಕ್ಕಹಾಕಿದಂಥ ಚಿತ್ರಗಳು ನೂರಕ್ಕೂ ಹೆಚ್ಚು ಹಿಡಿಸಿಯಾವು. ಆದರೆ ಅದಕ್ಕೆ ತೂಬು ಎರಡೇ ಇದ್ದರೆ ಪರದೆಗಳೂ ಎರಡೇ.

ವಿದ್ಯಾರ್ಥಿಗಳು ಮೋಸಹೋಗುವುದು ಇಲ್ಲಿಯೇ. ಕಾರ್ಡಿನ ಹಿಂದೆ ಮೂರು ಪೋರ್ಟುಗಳಿದ್ದರೆ ಮೂರು ಪರದೆ ನಡೆಯುತ್ತದೆಂದು ಎಣಿಸುತ್ತಾರೆ. ೨೦೧೨ಕ್ಕೆ ಮುಂಚಿನ ಎನ್‌ವಿಡಿಯಾ ಜೀಫೋರ್ಸ್ ಕಾರ್ಡುಗಳಲ್ಲಿ ವಿಜಿಎ, ಡಿವಿಐ, ಎಚ್‌ಡಿಎಂಐ ಎಂದು ಮೂರು ಬಾಯಿಗಳಿದ್ದರೂ ಏಕಕಾಲಕ್ಕೆ ನಡೆಯುತ್ತಿದ್ದುದು ಸಾಮಾನ್ಯವಾಗಿ ಎರಡೇ. ಇಂಟೆಲ್ ಪ್ರೊಸೆಸರುಗಳ ಒಳಗೇ ಇರುವ ಗ್ರಾಫಿಕ್ಸಿನಲ್ಲಿಯೂ ೨೦೧೧ರ ಪೀಳಿಗೆಗೆ ಎರಡು ಪರದೆ, ೨೦೧೨ರ ಪೀಳಿಗೆಯಿಂದ ಮೂರು. ಎಎಂಡಿಯವರು ೨೦೦೯ರಲ್ಲಿ ಒಂದೇ ಕಾರ್ಡಿನಿಂದ ಮೂರು ಪರದೆ ನಡೆಸುವ ಏರ್ಪಾಡನ್ನು ತಂದಾಗ, ಮೂರನೆಯದನ್ನು ಡಿಸ್ಪ್ಲೇಪೋರ್ಟಿಗೇ ಸೇರಿಸಬೇಕೆಂಬ ನಿಬಂಧನೆಯಿತ್ತು. ಕಾರಣ ಸರಳ: ಡಿವಿಐ ಮತ್ತು ಎಚ್‌ಡಿಎಂಐಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಗಡಿಯಾರ ಮಂಡಲ ಬೇಕು, ಆ ಕಾರ್ಡುಗಳಲ್ಲಿ ಅಂಥವು ಎರಡೇ ಇದ್ದುವು, ಡಿಸ್ಪ್ಲೇಪೋರ್ಟುಗಳಾದರೋ ಒಂದೇ ಗಡಿಯಾರವನ್ನು ಹಂಚಿಕೊಳ್ಳಬಲ್ಲವು. ಆದುದರಿಂದ ಪೋರ್ಟುಗಳನ್ನು ಎಣಿಸುವುದು ಸಾಲದು, ತೂಬುಗಳನ್ನು ಎಣಿಸಬೇಕು. ಈ ಸಂಖ್ಯೆಯನ್ನು ತಯಾರಕರ ವಿವರಪತ್ರದಲ್ಲಿ ಬರೆದಿರುತ್ತಾರೆ.

ತೂಬು ಸಾಲದೆಂದು ತಿಳಿದಾಗ ಎರಡನೆಯ ಕಾರ್ಡಿನ ಉಪಯೋಗ ಬರುತ್ತದೆ. ಅದು ತನ್ನ ಕೆರೆಯನ್ನೂ ತನ್ನ ತೂಬುಗಳನ್ನೂ ತಾನೇ ತರುತ್ತದೆ. ಪ್ರೊಸೆಸರಿನೊಳಗಿನ ಗ್ರಾಫಿಕ್ಸು ಒಂದು, ಸ್ಲಾಟಿನ ಕಾರ್ಡು ಇನ್ನೊಂದು. ಹೀಗೆ ಬಡವರ ಯಂತ್ರದಲ್ಲಿಯೂ ಎರಡು ಗ್ರಾಫಿಕ್ಸ್ ಆಗಿ, ಮೂರು ನಾಲ್ಕು ಪರದೆಗಳು ಬೆಳಗಬಹುದು. ಆಟಗಳ ವೇಗ ಹೆಚ್ಚಿಸಲು ಎರಡು ಕಾರ್ಡುಗಳನ್ನು ಒಂದೇ ಚಿತ್ರಕ್ಕೆ ಹೂಡುವ ದುಬಾರಿ ಪದ್ಧತಿಯೊಂದು ಹಿಂದೆ ರೂಢಿಯಲ್ಲಿತ್ತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಲ್ಲಿ ಎರಡೆತ್ತುಗಳು ಒಂದು ಗಾಡಿ ಎಳೆಯುತ್ತಿದ್ದುವು. ಇಲ್ಲಿ ಎರಡೆತ್ತುಗಳಿಗೆ ಎರಡು ಗಾಡಿ. ಆದ್ದರಿಂದ ಕಾರ್ಡುಗಳು ಒಂದೇ ಜಾತಿಯವಾಗಿರಬೇಕಾಗಿಲ್ಲ, ಬಲಶಾಲಿಗಳಾಗಿಯೂ ಇರಬೇಕಾಗಿಲ್ಲ.

ಇಂಥ ಜೋಡಣೆ ಹೊಸ ಚಮತ್ಕಾರವೇನೂ ಅಲ್ಲ. ೧೯೮೧ರಲ್ಲಿ ಐಬಿಎಂ ಕಂಪನಿಯವರು ತಮ್ಮ ಮೊದಲ ಪಿ.ಸಿ.ಯನ್ನು ಹೊರತಂದಾಗ ಅದಕ್ಕೆ ಎರಡು ಬಗೆಯ ಕಾರ್ಡುಗಳಿದ್ದುವು: ಅಕ್ಷರಗಳಿಗಾಗಿ ಏಕವರ್ಣದ್ದು, ಚಿತ್ರಗಳಿಗಾಗಿ ಬಣ್ಣದ್ದು. ಇವೆರಡೂ ಮೆಮೊರಿಯಲ್ಲಿ ಬೇರೆಬೇರೆ ವಿಳಾಸಗಳನ್ನು ಬಳಸುತ್ತಿದ್ದುದರಿಂದ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಬಾಳುತ್ತಿದ್ದುವು. ಪ್ರೋಗ್ರಾಮು ಬರೆಯುವವರು ಒಂದು ಪರದೆಯ ಮೇಲೆ ಪ್ರೋಗ್ರಾಮನ್ನು ಓಡಿಸಿ, ಇನ್ನೊಂದರ ಮೇಲೆ ಅದರ ತಪ್ಪುಗಳನ್ನು ಹುಡುಕುತ್ತಿದ್ದರು. ೧೯೮೭ರಲ್ಲಿ ಬಂದ ವಿಜಿಎ ಕಾರ್ಡುಗಳಾದರೋ ಎಲ್ಲವೂ ಒಂದೇ ವಿಳಾಸವನ್ನು ಕೇಳುತ್ತಿದ್ದುವಾದ್ದರಿಂದ ಅಂಥವೆರಡನ್ನು ಕೂಡಿಸುವುದು ಕಷ್ಟವಾಯಿತು. ವಿಂಡೋಸ್‌ನಲ್ಲಿ ಈ ತೊಡಕನ್ನು ಬಿಡಿಸಿದ್ದು ೧೯೯೮ರ ಆವೃತ್ತಿ. ಆಮೇಲೆ ಬಂದ ವಿಸ್ಟಾದಲ್ಲಿ ಎರಡು ಕಾರ್ಡುಗಳಿಗೂ ಒಂದೇ ಡ್ರೈವರು ಇರಬೇಕೆಂಬ ಕಟ್ಟಳೆ ಬಂದು, ೨೦೦೯ರ ವಿಂಡೋಸ್ ೭ರಲ್ಲಿ ಅದು ಹೋಯಿತು. ಈಗ ಇಂಟೆಲ್ ಗ್ರಾಫಿಕ್ಸೂ ಎನ್‌ವಿಡಿಯಾ ಕಾರ್ಡೂ ಒಂದೇ ಮನೆಯಲ್ಲಿರುವುದಕ್ಕೆ ಅಡ್ಡಿಯಿಲ್ಲ.

ಹಾಗಾದರೆ ಅಂದು ನಮ್ಮ ಪರದೆ ಕತ್ತಲಾದದ್ದೇಕೆ? ಯಂತ್ರದ ಗುಂಡಿ ಒತ್ತಿದೊಡನೆ ಎಲ್ಲಕ್ಕಿಂತ ಮೊದಲು ಎಚ್ಚರವಾಗುವುದು ಮದರ್‌ಬೋರ್ಡಿನ ಬಯಾಸ್ ಎಂಬ ತಂತ್ರಾಂಶ. ಸ್ಲಾಟಿನಲ್ಲಿ ಹೊಸದೊಂದು ಕಾರ್ಡನ್ನು ಕಂಡ ಕೂಡಲೆ, ‘ಇನ್ನು ಒಳಗಿನ ಗ್ರಾಫಿಕ್ಸಿನ ಅಗತ್ಯವಿಲ್ಲ’ವೆಂದು ಅದು ತಾನೇ ನಿರ್ಧರಿಸಿ ಅದನ್ನು ಮುಚ್ಚಿಬಿಡುತ್ತದೆ. ಬಹುಪಾಲು ಬೋರ್ಡುಗಳ ವಾಡಿಕೆಯೇ ಹೀಗೆ. ಬಯಾಸ್‌ನ ಪುಟಗಳಲ್ಲಿ ‘ಐಜಿಪಿಯು ಮಲ್ಟಿ ಮಾನಿಟರ್’ ಎಂದೋ ಅದರ ಹತ್ತಿರದ ಇನ್ನಾವ ಹೆಸರಿನಿಂದಲೋ ಒಂದು ಸಾಲು ಇರುತ್ತದೆ. ಅದನ್ನು ‘ಎನೇಬಲ್’ ಎಂದು ಬದಲಾಯಿಸಿದರೆ ಮುಚ್ಚಿದ ಬಾಗಿಲು ತೆರೆಯುತ್ತದೆ. ಹದಿನೈದು ದಿನಗಳ ಮೇಲೆ ಅದೇ ಶಾಲೆಗೆ ಮರಳಿ ಹೋಗಿ, ನಮ್ಮ ತಪ್ಪನ್ನು ಮಕ್ಕಳ ಮುಂದೆಯೇ ಒಪ್ಪಿಕೊಂಡು, ಬಯಾಸ್‌ನ ಪುಟಗಳನ್ನು ತೆರೆದೆವು. ಆ ಸಾಲನ್ನು ಮೊದಲು ಗುರುತಿಸಿದವಳು ಪ್ರಶ್ನೆ ಕೇಳಿದ ಹುಡುಗಿಯೇ. ಎರಡೂ ಪರದೆಗಳು ಬೆಳಗಿದುವು. ಖರ್ಚಾದ ಹಣ ಸೊನ್ನೆ.

ಎಲ್ಲ ಯಂತ್ರಗಳಲ್ಲಿಯೂ ಇಷ್ಟು ಸುಲಭವಾಗಿ ನಡೆದೀತೆಂದು ನಾವು ಹೇಳುವುದಿಲ್ಲ. ಕೆಲವು ಬೋರ್ಡುಗಳಲ್ಲಿ ಆ ಸಾಲೇ ಇರುವುದಿಲ್ಲ. ಕೆಲವು ಪ್ರೊಸೆಸರುಗಳಲ್ಲಿ ಗ್ರಾಫಿಕ್ಸೇ ಇರುವುದಿಲ್ಲ. ಇಂಟೆಲ್‌ನವರ ಇತ್ತೀಚಿನ ಪ್ರೊಸೆಸರುಗಳಲ್ಲಿ ಹೆಸರಿನ ಕೊನೆಗೆ ‘ಎಫ್’ ಎಂಬ ಅಕ್ಷರವಿದ್ದರೆ ಅಂಥದೆಂದು ತಿಳಿಯಬೇಕು. ಬೋರ್ಡಿನ ಹಿಂದೆ ಪೋರ್ಟಿದ್ದರೂ ಅಂಥ ಪ್ರೊಸೆಸರಿಗೆ ಅದು ನೀರಿಲ್ಲದ ಕಾಲುವೆ. ಇವೆಲ್ಲ ಯಂತ್ರದ ಮಿತಿಗಳು. ಮಿತಿಯೆಲ್ಲಿದೆಯೆಂದು ತಿಳಿದು ನಿಲ್ಲುವುದು ಬೇರೆ, ತಿಳಿಯದೆಯೇ ನಿಲ್ಲುವುದು ಬೇರೆ.

ಇಲ್ಲಿ ವಿದ್ಯಾರ್ಥಿಗಳು ಒಂದು ಆಕ್ಷೇಪವನ್ನು ಎತ್ತಬಹುದು: ಹಳೆಯ ಸ್ಲಾಟಿನ ದಾರಿ ಕಿರಿದಾಗಿದ್ದರೆ ಚಿತ್ರ ತಡವರಿಸದೆ? ಲೆಕ್ಕ ಹಾಕಿ ನೋಡೋಣ. ಒಂದು ಚಿತ್ರ ೮೨,೯೪,೪೦೦ ಬೈಟು. ಸೆಕೆಂಡಿಗೆ ೬೦ ಸಲವೆಂದರೆ ೪೯,೭೬,೬೪,೦೦೦ ಬೈಟು, ಸುಮಾರು ೫೦ ಕೋಟಿ. ಪಿಸಿಐ ಎಕ್ಸ್‌ಪ್ರೆಸ್ ಎಂಬ ಸ್ಲಾಟಿನ ಮೊದಲ ಪೀಳಿಗೆಯ ಅತಿ ಚಿಕ್ಕ ರೂಪದಲ್ಲಿ ಸೆಕೆಂಡಿಗೆ ಸಾಗುವುದು ೨೫ ಕೋಟಿ ಬೈಟು. ಬೇಕಾದದ್ದರ ಸುಮಾರು ಅರ್ಧದಷ್ಟೇ ಆದುದರಿಂದ ಸಾಲದಂತೆ ತೋರುತ್ತದೆ. ಆದರೆ ಕೆರೆ ಇರುವುದು ಕಾರ್ಡಿನಲ್ಲಿಯೇ ಎಂಬುದನ್ನು ಮರೆಯಬಾರದು. ಸೆಕೆಂಡಿಗೆ ಅರವತ್ತು ಸಲ ನಡೆಯುವ ಓದು ಕಾರ್ಡಿನ ಒಳಗೇ ಮುಗಿಯುತ್ತದೆ; ಸ್ಲಾಟಿನ ಮೂಲಕ ಬರಬೇಕಾದದ್ದು ಚಿತ್ರದಲ್ಲಾಗುವ ಬದಲಾವಣೆ ಮಾತ್ರ. ಪಠ್ಯ ಓದುವಾಗ, ಟೈಪು ಮಾಡುವಾಗ, ನಕ್ಷೆ ನೋಡುವಾಗ ಆ ಬದಲಾವಣೆ ಅತ್ಯಲ್ಪ. ಆದುದರಿಂದ ಓದುಬರಹದ ಕೆಲಸಕ್ಕೆ ಚಿಕ್ಕ ಸ್ಲಾಟಿನ ಕಾರ್ಡೂ ಸಾಕು. ಮೂರು ಆಯಾಮದ ಆಟಗಳಿಗೆ ಸಾಲದು. ನಮ್ಮ ಚರ್ಚೆ ಓದುಬರಹದ್ದು.

ಇನ್ನು ವಿದ್ಯುತ್ತು. ದೊಡ್ಡ ಸ್ಲಾಟು ಗ್ರಾಫಿಕ್ಸ್ ಕಾರ್ಡಿಗೆ ಒದಗಿಸಬಲ್ಲುದು ಹೆಚ್ಚೆಂದರೆ ೭೫ ವಾಟು. ಜೀಫೋರ್ಸ್ ಜಿಟಿ ೭೧೦ರಂಥ ಬಡ ಕಾರ್ಡಿನ ಗರಿಷ್ಠ ಬಳಕೆ ೧೯ ವಾಟು. ಅದಕ್ಕೆ ಬೇರೆ ತಂತಿ ಬೇಡ, ಹೊಸ ಎಸ್‌ಎಂಪಿಎಸ್ಸೂ ಬೇಡ. ಕರೆಂಟು ಹೋಗಿ ಯುಪಿಎಸ್ ಮೇಲೆ ನಿಂತ ಕೊಠಡಿಯಲ್ಲಿ, ಇನ್ನೊಂದು ಇಡೀ ಕಂಪ್ಯೂಟರನ್ನು ನಡೆಸುವುದಕ್ಕಿಂತ ಇಂಥ ಕಾರ್ಡೊಂದನ್ನು ನಡೆಸುವುದು ಹಗುರ. ಆದರೆ ದೊಡ್ಡ ಫ್ಯಾನುಗಳುಳ್ಳ ಹಳೆಯ ಆಟದ ಕಾರ್ಡನ್ನು ಅಗ್ಗವಾಗಿ ಸಿಕ್ಕಿತೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದು, ಸಾಮಾನ್ಯ ಎಸ್‌ಎಂಪಿಎಸ್ಸಿಗೆ ಕಟ್ಟುವುದು ಅವಿವೇಕ. ಅಗ್ಗವೆಂಬುದು ಕೊಳ್ಳುವಾಗಿನ ಬೆಲೆಯೊಂದರಿಂದಲೇ ತೀರ್ಮಾನವಾಗುವುದಿಲ್ಲ.

ನಮ್ಮ ಅಗತ್ಯ ಯಾವುದೆಂಬುದನ್ನು ಮೊದಲು ಬೇರ್ಪಡಿಸಿಕೊಳ್ಳಬೇಕು. ಎರಡು ಪರದೆ ಬೇಕೆಂಬ ಒಂದೇ ಮಾತಿನ ಹಿಂದೆ ಮೂರು ಬೇರೆಬೇರೆ ಬೇಡಿಕೆಗಳು ಅಡಗಿರುತ್ತವೆ.

ಮೊದಲನೆಯದು, ಒಂದೇ ಚಿತ್ರವನ್ನು ಹಲವರಿಗೆ ತೋರಿಸುವುದು. ಉಪಾಧ್ಯಾಯರು ವಿದ್ಯುನ್ಮಂಡಲವನ್ನು ವಿವರಿಸುವಾಗ ಹಿಂದಿನ ಬೆಂಚಿನವರಿಗೂ ಕಾಣಬೇಕೆಂದರೆ ಎರಡನೆಯ ಕಾರ್ಡು ಬೇಡವೇ ಬೇಡ. ಒಂದು ಕೇಬಲಿನ ಚಿತ್ರವನ್ನು ಎರಡಾಗಿಯೋ ನಾಲ್ಕಾಗಿಯೋ ಒಡೆಯುವ ಸ್ಪ್ಲಿಟರೆಂಬ ಚಿಕ್ಕ ಸಾಧನ ಸಾಕು. ಒಂದೇ ತೂಬಿನ ನೀರನ್ನು ನಾಲ್ಕು ಪಾತಿಗೆ ಹಾಯಿಸಿದಂತೆ.

ಎರಡನೆಯದು, ಒಬ್ಬನೇ ಎರಡು ಪರದೆಗಳನ್ನು ಬಳಸುವುದು. ಒಂದರಲ್ಲಿ ಪಾಠ, ಇನ್ನೊಂದರಲ್ಲಿ ಟಿಪ್ಪಣಿ. ಒಂದರಲ್ಲಿ ಪ್ರೋಗ್ರಾಮು, ಇನ್ನೊಂದರಲ್ಲಿ ಅದರ ಫಲಿತಾಂಶ. ಮೇಜಿನ ಮೇಲೆ ಪುಸ್ತಕವನ್ನೂ ನೋಟುಬುಕ್ಕನ್ನೂ ಒಟ್ಟಿಗೆ ತೆರೆದಿಡುವ ವಿದ್ಯಾರ್ಥಿಗೆ ಇದರ ಸುಖವನ್ನು ವಿವರಿಸಬೇಕಾಗಿಲ್ಲ. ಇಲ್ಲಿಯೂ ಎಷ್ಟೋ ವೇಳೆ ಬೋರ್ಡಿನಲ್ಲಿರುವ ವಿಜಿಎ ಮತ್ತು ಎಚ್‌ಡಿಎಂಐ ಪೋರ್ಟುಗಳೆರಡೇ ಸಾಕಾಗುತ್ತವೆ. ಒಂದನ್ನು ಬಳಸಿ ಮತ್ತೊಂದನ್ನು ಧೂಳಿಗೆ ಬಿಟ್ಟಿರುವ ಯಂತ್ರಗಳನ್ನು ನಾವು ಲೆಕ್ಕವಿಲ್ಲದಷ್ಟು ಕಂಡಿದ್ದೇವೆ.

ಮೂರನೆಯದು, ಒಂದೇ ಯಂತ್ರದ ಮೇಲೆ ಇಬ್ಬರು ಬೇರೆಬೇರೆಯಾಗಿ ಕೆಲಸಮಾಡುವುದು. ನಮ್ಮ ಶಾಲೆಗಳಿಗೆ ನಿಜವಾಗಿ ಬೇಕಾದದ್ದು ಇದು. ಎರಡು ಗ್ರಾಫಿಕ್ಸುಗಳು ಅತ್ಯಗತ್ಯವಾಗುವುದೂ ಇಲ್ಲಿಯೇ. ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯಲ್ಲಿ ‘ಬಹು ಆಸನ’ದ ಏರ್ಪಾಡು ಉಂಟು. ಒಂದು ಗ್ರಾಫಿಕ್ಸಿಗೆ ಒಂದು ಆಸನವೆಂಬುದು ಅದರ ಸಾಮಾನ್ಯ ನಿಯಮ. ಒಳಗಿನ ಗ್ರಾಫಿಕ್ಸಿಗೆ ಸೇರಿದ ಮಾನಿಟರು, ಕೀಲಿಮಣೆ, ಮೌಸುಗಳದು ಒಂದು ಆಸನ. ಕಾರ್ಡಿಗೆ ಸೇರಿದ ಮಾನಿಟರು, ಯುಎಸ್‌ಬಿ ಹಬ್ಬಿನ ಮೂಲಕ ಬಂದ ಇನ್ನೊಂದು ಕೀಲಿಮಣೆ ಮೌಸುಗಳದು ಎರಡನೆಯದು. ಇಬ್ಬರು ಮಕ್ಕಳು ತಮ್ಮ ತಮ್ಮ ಹೆಸರಿನಲ್ಲಿ ಒಳಹೊಕ್ಕು, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಅಡ್ಡಬಾರದೆ ಕುಳಿತಿರಬಹುದು. ಓದುಬರಹದ ಕೆಲಸದಲ್ಲಿ ಪ್ರೊಸೆಸರು ಹೆಚ್ಚು ಹೊತ್ತು ಕೈಕಟ್ಟಿ ಕುಳಿತಿರುತ್ತದೆ. ಆ ಬಿಡುವನ್ನೇ ಎರಡನೆಯವರು ಬಳಸಿಕೊಳ್ಳುತ್ತಾರೆ. ಮೆಮೊರಿ ಮಾತ್ರ ಸಾಕಷ್ಟಿರಬೇಕು. ಸಾಮಾನ್ಯ ವಿಂಡೋಸ್‌ನಲ್ಲಿ ಈ ಸೌಕರ್ಯವಿಲ್ಲ.

ಇದು ಬರಿಯ ಕನಸೆಂದು ಯಾರೂ ತಿಳಿಯಬಾರದು. ಬ್ರೆಜಿಲ್ ದೇಶದ ಪರಾನಾ ರಾಜ್ಯದಲ್ಲಿ ಅಲ್ಲಿನ ವಿಶ್ವವಿದ್ಯಾನಿಲಯದವರು ಒಂದು ಪೆಟ್ಟಿಗೆಗೆ ನಾಲ್ಕು ಪರದೆ, ನಾಲ್ಕು ಕೀಲಿಮಣೆಗಳನ್ನು ಜೋಡಿಸಿದ ಲಿನಕ್ಸ್ ಯಂತ್ರಗಳನ್ನು ರೂಪಿಸಿ ಸರ್ಕಾರಿ ಶಾಲೆಗಳಿಗೆ ಒದಗಿಸಿದರು. ನಮ್ಮ ನೆರೆಯ ಆಂಧ್ರಪ್ರದೇಶದಲ್ಲಿ ೨೦೦೮ರ ಸುಮಾರಿಗೆ ಒಂದು ಕಂಪ್ಯೂಟರನ್ನು ಹಲವು ಪರದೆಗಳಿಗೆ ಹಂಚುವ ಎನ್‌ಕಂಪ್ಯೂಟಿಂಗ್ ಕಂಪನಿಯ ಸಾಧನಗಳಿಂದ ೫,೦೦೦ ಸರ್ಕಾರಿ ಶಾಲೆಗಳಲ್ಲಿ ೫೦,೦೦೦ ಆಸನಗಳನ್ನು ಏರ್ಪಡಿಸುವ ಯೋಜನೆ ನಡೆಯಿತು. ಅದರ ತಾಂತ್ರಿಕ ಮಾರ್ಗ ಬೇರೆಯಾದರೂ ತತ್ತ್ವ ಒಂದೇ: ಒಬ್ಬ ವಿದ್ಯಾರ್ಥಿಯ ಕೆಲಸಕ್ಕೆ ಒಂದು ಇಡೀ ಯಂತ್ರ ಬೇಕಾಗಿಲ್ಲ. ಮುಕ್ತ ತಂತ್ರಾಂಶ ನಮ್ಮ ಮಕ್ಕಳಿಗೆ ಒಗ್ಗೀತೆ ಎಂದು ಸಂಶಯಪಡುವವರು ಕಾಸರಗೋಡಿನತ್ತ ನೋಡಬಹುದು. ಕೇರಳದ ಶಾಲೆಗಳಲ್ಲಿ ಲಿನಕ್ಸನ್ನೇ ಬಳಸಿ ಪಾಠ ನಡೆಯುತ್ತಿದ್ದು, ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಾರೆ.

ನಮ್ಮ ಅಭಿಪ್ರಾಯಕ್ಕೆ ವಿರುದ್ಧವಾಗಿ ಹೇಳಬಹುದಾದ ಮಾತುಗಳೂ ಉಂಟು. ಅವನ್ನು ಮುಚ್ಚಿಡುವುದು ವಿಜ್ಞಾನದ ದಾರಿಯಲ್ಲ. ಒಂದು ಪೆಟ್ಟಿಗೆಗೆ ಎರಡು ಆಸನವಾದರೆ, ಪೆಟ್ಟಿಗೆ ಕೆಟ್ಟ ದಿನ ಇಬ್ಬರ ಕೆಲಸವೂ ನಿಲ್ಲುತ್ತದೆ. ನಿಜ. ಆದರೆ ಎರಡನೆಯ ಆಸನವೇ ಇಲ್ಲದಿದ್ದರೆ ಆ ಎರಡನೆಯ ಮಗುವಿನ ಕೆಲಸ ದಿನವೂ ನಿಂತೇ ಇರುತ್ತದೆಯಲ್ಲವೆ? ಹಳೆಯ ಕಾರ್ಡಿಗೆ ಆಯುಸ್ಸು ಎಷ್ಟೆಂದು ಹೇಳಲಾಗದು. ಅದಕ್ಕೆ ತಯಾರಕರು ಹೊಸ ಡ್ರೈವರು ಕೊಡುವುದನ್ನೂ ನಿಲ್ಲಿಸಿರಬಹುದು. ಇದೂ ನಿಜ. ಪುಕ್ಕಟೆಯಾಗಿ ಬಂದ ಕಾರ್ಡು ಎರಡು ವರ್ಷ ನಡೆದರೂ ನಷ್ಟವಿಲ್ಲ; ಆದರೆ ಹಣ ಕೊಟ್ಟು ಕೊಳ್ಳುವಾಗ ಈ ಮಾತನ್ನು ನೆನಪಿನಲ್ಲಿಡತಕ್ಕದ್ದು. ಇಂಥ ಜೋಡಣೆಯನ್ನು ನೋಡಿಕೊಳ್ಳುವವರು ಯಾರು ಎಂಬುದು ಎಲ್ಲಕ್ಕಿಂತ ದೊಡ್ಡ ಆಕ್ಷೇಪ. ಬಯಾಸ್‌ನ ಬ್ಯಾಟರಿ ಕ್ಷೀಣಿಸಿದರೆ ನಾವು ಬದಲಾಯಿಸಿದ ಸಾಲು ಮತ್ತೆ ಮೊದಲಿನಂತಾಗಿ ಪರದೆ ಕತ್ತಲಾಗುತ್ತದೆ. ಆಗ ಕಾರಣ ತಿಳಿದವರು ಊರಿನಲ್ಲಿ ಒಬ್ಬರಾದರೂ ಇರಬೇಕು. ಆ ಒಬ್ಬರು ಆ ಶಾಲೆಯ ವಿದ್ಯಾರ್ಥಿಯೇ ಏಕಾಗಬಾರದು?

ನಮ್ಮ ಮುಖ್ಯ ದೂರು ಇರುವುದು ಇಲ್ಲಿ. ನಮ್ಮ ಕಂಪ್ಯೂಟರು ಕೊಠಡಿಗಳಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಪಾಠ ‘ಮುಟ್ಟಬೇಡ’ ಎಂಬುದು. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಆಮ್ಲವನ್ನು ಮುಟ್ಟಲು ಕೊಡುತ್ತೇವೆ. ಜೀವಶಾಸ್ತ್ರದಲ್ಲಿ ಹೂವನ್ನು ಸೀಳಿ ನೋಡಲು ಹೇಳುತ್ತೇವೆ. ಕಂಪ್ಯೂಟರಿನ ಪಕ್ಕದ ಮುಚ್ಚಳವನ್ನು ಮಾತ್ರ ತೆರೆಯಗೊಡುವುದಿಲ್ಲ. ಇದಕ್ಕೆ ಉಪಾಧ್ಯಾಯರ ಅಂಜಿಕೆಯೊಂದೇ ಕಾರಣವಲ್ಲ. ಯಂತ್ರಗಳೆಲ್ಲ ದಾಸ್ತಾನು ಪುಸ್ತಕದಲ್ಲಿ ದಾಖಲಾಗಿರುತ್ತವೆ. ಒಂದರ ಭಾಗವನ್ನು ಇನ್ನೊಂದಕ್ಕೆ ಹಾಕಿದರೆ ನಾಳೆ ತಪಾಸಣೆಗೆ ಬಂದವರಿಗೆ ಏನು ಉತ್ತರ ಹೇಳುವುದೆಂಬ ಭಯ ಅವರಿಗುಂಟು. ಈ ಭಯ ನ್ಯಾಯವಾದದ್ದೇ. ಕೆಟ್ಟ ಯಂತ್ರದ ಒಳ್ಳೆಯ ಭಾಗವನ್ನು ಬರವಣಿಗೆಯಲ್ಲಿ ದಾಖಲಿಸಿ ಬಳಸಿಕೊಳ್ಳಬಹುದೆಂಬ ಸ್ಪಷ್ಟವಾದ ಅನುಮತಿಯನ್ನು ಮೇಲಿನವರು ಕೊಟ್ಟರೆ, ಎಷ್ಟೋ ಮಾನಿಟರುಗಳ ಮೇಲಿನ ಬಟ್ಟೆ ಜಾರೀತು.

ಈ ಮಾತನ್ನು ಈಗಲೇ ಆಡಬೇಕಾದ ಕಾರಣವೂ ಉಂಟು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಕಂಪನಿಯವರು ಕೊಡುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ೨೦೧೭ಕ್ಕೆ ಮುಂಚಿನ ಬಹುತೇಕ ಪ್ರೊಸೆಸರುಗಳನ್ನು ವಿಂಡೋಸ್ ೧೧ ಅಧಿಕೃತವಾಗಿ ಒಪ್ಪುವುದಿಲ್ಲ. ಆದ್ದರಿಂದ ಕಚೇರಿಗಳಿಂದಲೂ ಕಾಲೇಜುಗಳಿಂದಲೂ ಇನ್ನೂ ಚೆನ್ನಾಗಿ ನಡೆಯುವ ಅಸಂಖ್ಯಾತ ಯಂತ್ರಗಳು ‘ಹಳೆಯವು’ ಎಂಬ ಹಣೆಪಟ್ಟಿ ಹೊತ್ತು ಹೊರಬೀಳುತ್ತಿವೆ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ವಿದ್ಯುನ್ಮಾನ ತ್ಯಾಜ್ಯದ ನಿಯಮಗಳ ಪ್ರಕಾರ ನಿರುಪಯುಕ್ತವಾದವು ನೋಂದಣಿಯಾದ ಸಂಸ್ಕರಣಕಾರರ ಕೈಸೇರಬೇಕು, ಅದು ಸರಿಯೆ. ಆದರೆ ಯಾವುದು ನಿರುಪಯುಕ್ತವೆಂಬುದನ್ನು ನಿರ್ಧರಿಸುವ ಮುನ್ನ ಒಮ್ಮೆ ಒಳಗೆ ನೋಡಬೇಡವೆ? ಲಿನಕ್ಸ್ ಹಾಕಿದರೆ ಅವುಗಳಲ್ಲಿ ಎಷ್ಟೋ ಯಂತ್ರಗಳು ಇನ್ನೂ ಹಲವು ವರ್ಷ ದುಡಿಯಬಲ್ಲವು. ಅವುಗಳ ಕಾರ್ಡುಗಳು ನಮ್ಮ ಶಾಲೆಗಳ ಯಂತ್ರಗಳಿಗೆ ಎರಡನೆಯ ಆಸನವನ್ನು ಕೊಡಬಲ್ಲವು.

ಇದನ್ನು ಓದುವ ವಿದ್ಯಾರ್ಥಿಗಳಿಗೆ ನಮ್ಮದೊಂದು ಸೂಚನೆ. ನಿಮ್ಮ ಉಪಾಧ್ಯಾಯರ ಅಪ್ಪಣೆ ಪಡೆದು ಒಂದು ಯಂತ್ರವನ್ನು ಆರಿಸಿಕೊಳ್ಳಿರಿ. ಗೋಡೆಯ ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಆಮೇಲೆ ಮುಚ್ಚಳ ತೆರೆಯಿರಿ. ಎಸ್‌ಎಂಪಿಎಸ್ಸಿನ ಡಬ್ಬಿಯನ್ನು ಮಾತ್ರ ಎಂದಿಗೂ ಬಿಚ್ಚಕೂಡದು. ಪ್ಲಗ್ಗು ಕಿತ್ತ ಮೇಲೆಯೂ ಅದರೊಳಗಿನ ಕೆಪ್ಯಾಸಿಟರುಗಳಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು. ಪ್ರೊಸೆಸರಿನ ಹೆಸರು, ಒಳಗಿನ ಗ್ರಾಫಿಕ್ಸು ಇದೆಯೆ ಇಲ್ಲವೆ, ಹಿಂದಿನ ಪೋರ್ಟುಗಳೆಷ್ಟು, ಅವುಗಳಲ್ಲಿ ಒಮ್ಮೆಗೇ ನಡೆಯುವುವೆಷ್ಟು, ಖಾಲಿ ಸ್ಲಾಟುಗಳೆಷ್ಟು, ಎಸ್‌ಎಂಪಿಎಸ್ಸು ಎಷ್ಟು ವಾಟಿನದು ಎಂಬುದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಇಷ್ಟು ಬರೆದ ಮೇಲೆ ಕೊಳ್ಳಬೇಕಾದದ್ದು ಏನಾದರೂ ಉಳಿದಿದೆಯೆ ಎಂದು ನೋಡಿರಿ. ಎಷ್ಟೋ ಸಲ ಉಳಿಯುವುದು ಒಂದು ಕೇಬಲು ಮಾತ್ರ.

ಸಿಂಗಟಗೆರೆಯ ಸೀಮೆಯ ಆ ಶಾಲೆಯಲ್ಲಿ ಈಗ ನಾಲ್ಕು ಪೆಟ್ಟಿಗೆಗಳಿಗೆ ಐದು ಆಸನಗಳಾಗಿವೆ. ಐದನೆಯದು ಆ ಹಳೆಯ ಕಾರ್ಡಿನದು. ನಾಲ್ಕು ಐದಾದದ್ದು ದೊಡ್ಡ ಸಾಧನೆಯೇನೂ ಅಲ್ಲ. ಉಳಿದ ಐದು ಮಾನಿಟರುಗಳು ಇನ್ನೂ ಗೋಡೆಯ ಬದಿಯಲ್ಲಿಯೇ ಇವೆ, ಏಕೆಂದರೆ ಮತ್ತೆ ಕಾರ್ಡುಗಳು ಸಿಕ್ಕಿಲ್ಲ. ಆದರೆ ಅವುಗಳಿಗೆ ಏನು ಬೇಕೆಂಬುದು ಆ ಮಕ್ಕಳಿಗೆ ಈಗ ಗೊತ್ತು. ಮೊನ್ನೆ ಮುಖ್ಯೋಪಾಧ್ಯಾಯರು ದೂರವಾಣಿಯಲ್ಲಿ ಹೇಳಿದರು: ದಾನ ಕೊಡಲು ಬಂದವರೊಬ್ಬರು ಏನು ಕೊಡಲೆಂದು ಕೇಳಿದಾಗ, ಮಕ್ಕಳು ಹೊಸ ಕಂಪ್ಯೂಟರು ಕೇಳಲಿಲ್ಲವಂತೆ, ನಿಮ್ಮ ಕಚೇರಿಯಲ್ಲಿ ತೆಗೆದಿಟ್ಟ ಹಳೆಯ ಕಾರ್ಡುಗಳಿದ್ದರೆ ಕೊಡಿ ಎಂದರಂತೆ.